ಶಾಯಿ ತೋರಿದ್ದು, ಬೈಟು ಮುಚ್ಚಿದ್ದು

ತಾಪಮಾನ ಅಳೆಯುವುದು ಒಂದು ಕಸುಬು, ಅದನ್ನು ದಾಖಲಿಸುವುದು ಇನ್ನೊಂದು. ಅಳತೆ ಆ ಹೊತ್ತಿಗೆ ಎದುರಿಗಿದ್ದವರಿಗೆ ಸಾಕು. ದಾಖಲೆ ಬೇಕಾಗುವುದು ಆಗ ಅಲ್ಲಿ ಇಲ್ಲದವರಿಗೆ: ರಾತ್ರಿ ಮಲಗಿದ್ದ ಹವಾಮಾನ ವೀಕ್ಷಕನಿಗೆ, ಹಡಗು ಬಂದರು ಸೇರುವ ತನಕ ಸರಕಿನ ಮುಖ ಕಾಣದ ವ್ಯಾಪಾರಿಗೆ, ಕೈಯಲ್ಲಿರುವ ಲಸಿಕೆಯ ಸೀಸೆ ಹಿಂದಿನ ತಿಂಗಳು ಎಲ್ಲೆಲ್ಲಿ ಎಷ್ಟು ಬಿಸಿ ಉಂಡಿತ್ತೆಂದು ತಿಳಿಯದ ನರ್ಸಿಗೆ. ಇಲ್ಲದವರಿಗಾಗಿ ಬರೆದದ್ದಾದ್ದರಿಂದ ದಾಖಲೆಯ ಬೆಲೆಯನ್ನು ಅದನ್ನು ಯಾರು ಯಾರು ಓದಬಲ್ಲರು ಎಂಬುದರಿಂದಲೂ ಕಟ್ಟಬೇಕು. ಈಗ ಈ ಕೆಲಸವನ್ನು ಬಹುಮಟ್ಟಿಗೆ ವಹಿಸಿಕೊಂಡಿರುವುದು ಹೆಬ್ಬೆರಳಿನಷ್ಟು ದೊಡ್ಡ ಯುಎಸ್‌ಬಿ ಲಾಗರ್. ಅದನ್ನು ಬಿಚ್ಚಿ, ಒಳಗಿನ ಚಿಪ್ಪುಗಳ ಹೆಸರು ಓದಿ, ಕಂಪ್ಯೂಟರಿನ ಜೊತೆ ಅದು ಆಡುವ ಮಾತನ್ನು ಬೈಟು ಬೈಟಾಗಿ ಬಿಡಿಸಿಡುವ ಹವ್ಯಾಸಿಗಳಿದ್ದಾರೆ. ಅವರ ಕೆಲಸ ಕೆಲವರಿಗೆ ಬಿಡುವಿನ ಆಟ, ಕೆಲವರಿಗೆ ಕಂಪನಿಯ ಗುಟ್ಟಿಗೆ ಕೈಹಾಕುವ ಕಿಡಿಗೇಡಿತನ. ತಾಪಮಾನ ದಾಖಲಿಸುವ ಕಸುಬಿನ ಮುನ್ನೂರು ವರ್ಷಗಳ ಚರಿತ್ರೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಅದು ಎರಡೂ ಅಲ್ಲ. ಬರೆದದ್ದನ್ನು ತಯಾರಕರ ಅಪ್ಪಣೆಯಿಲ್ಲದೆ ಓದಬಹುದು ಎಂಬ ರೂಢಿಯೊಂದು ಈ ಕಸುಬಿನಲ್ಲಿ ಗಟ್ಟಿಯಾಗಿ ಬೇರೂರಿತ್ತು. ಇತ್ತೀಚಿನ ಮೂವತ್ತು ನಲವತ್ತು ವರ್ಷಗಳಲ್ಲಿ ಅದು ಕಡಿದುಹೋಗಿದೆ, ಈ ಹವ್ಯಾಸಿಗಳು ಅದನ್ನು ಮತ್ತೆ ಜೋಡಿಸುತ್ತಿದ್ದಾರೆ ಎಂಬುದು ನನ್ನ ವಾದ.

ಕಸುಬಿನ ಮೊದಲ ದೊಡ್ಡ ಯಂತ್ರವೇ ಓದುವವರ ಕಷ್ಟವನ್ನು ತೋರಿಸಿಕೊಟ್ಟಿತ್ತು. 1660ರ ದಶಕದಲ್ಲಿ ಕ್ರಿಸ್ಟೋಫರ್ ರೆನ್ ಹವೆಯ ಏರಿಳಿತವನ್ನು ತಾನೇ ಬರೆದುಕೊಳ್ಳುವ ಗಡಿಯಾರದ ಯೋಚನೆಯನ್ನು ಮುಂದಿಟ್ಟರು. ರಾಬರ್ಟ್ ಹುಕ್ ಅದನ್ನು ಬೆಳೆಸಿ 1670ರ ದಶಕದ ಕೊನೆಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದರು. ಗಾಳಿ, ಮಳೆ, ವಾಯುಭಾರ, ತಾಪ ಎಲ್ಲವನ್ನೂ ಕಾಲು ಗಂಟೆಗೊಮ್ಮೆ ಕಾಗದದ ಪಟ್ಟಿಯ ಮೇಲೆ ತೂತುಗಳಾಗಿ ಹೊಡೆಯುವ ಯಂತ್ರ ಅದು. ಜಾಣತನದಲ್ಲಿ ಕೊರತೆಯಿಲ್ಲ. ಆದರೆ ಯಾವ ತೂತು ಗಾಳಿಯದು, ಯಾವುದು ತಾಪದ್ದು ಎಂದು ಹೇಳಬೇಕಾದರೆ ಯಂತ್ರದ ಹೊಟ್ಟೆಯೊಳಗಿನ ಏರ್ಪಾಡು ತಿಳಿದಿರಬೇಕು. ಅದು ರೂಢಿಗೆ ಬರಲಿಲ್ಲ. ಅದಕ್ಕೆ ಯಂತ್ರದ ಜಟಿಲತೆ, ಖರ್ಚು ಎಲ್ಲ ಕಾರಣಗಳಿದ್ದಾವು. ರೂಢಿಗೆ ಬಂದದ್ದು ನೂರು ವರ್ಷ ತಡೆದು ಬಂದ ಬಡ ಉಪಕರಣ. ಕ್ಯಾಂಟರ್ಬರಿಯ ಜೇಮ್ಸ್ ಸಿಕ್ಸ್ 1782ರಲ್ಲಿ ಪ್ರಕಟಿಸಿದ ಗರಿಷ್ಠ-ಕನಿಷ್ಠ ತಾಪಮಾಪಕದಲ್ಲಿ ಇರುವುದು ಬಾಗಿದ ಗಾಜಿನ ನಳಿಕೆ, ಪಾದರಸ ಮತ್ತು ಎರಡು ಪುಟ್ಟ ಉಕ್ಕಿನ ಗುರುತುಕಡ್ಡಿಗಳು. ಪಾದರಸ ಕಡ್ಡಿಯನ್ನು ತಳ್ಳಿಕೊಂಡು ಹೋಗುತ್ತದೆ, ಹಿಂದೆ ಸರಿದಾಗ ಕಡ್ಡಿ ಅಲ್ಲೇ ಉಳಿಯುತ್ತದೆ. ದಿನದ ಅತಿ ಬಿಸಿ, ಅತಿ ತಂಪು ಎಷ್ಟೆಂದು ಬೆಳಿಗ್ಗೆ ಎದ್ದು ನೋಡಿ, ಅಯಸ್ಕಾಂತದಿಂದ ಕಡ್ಡಿಗಳನ್ನು ಕೆಳಗೆಳೆದು ಮತ್ತೆ ಬಿಡುವುದು. ಯಾವ ಹೊತ್ತಿಗೆ ಬಿಸಿಯಾಯಿತು ಎಂದು ಅದು ಹೇಳದು, ಹೇಳುವಷ್ಟನ್ನು ಮಾತ್ರ ಅಕ್ಷರ ಬಲ್ಲ ಯಾರಿಗಾದರೂ ಹೇಳುತ್ತದೆ. 1840ರ ದಶಕದಲ್ಲಿ ಕ್ಯೂ ವೀಕ್ಷಣಾಲಯದಲ್ಲಿ ಫ್ರಾನ್ಸಿಸ್ ರೊನಾಲ್ಡ್ಸ್, ಗ್ರೀನಿಚ್ಚಿನಲ್ಲಿ ಚಾರ್ಲ್ಸ್ ಬ್ರೂಕ್ ಪಾದರಸದ ಎಳೆಯ ನೆರಳನ್ನು ಛಾಯಾಗ್ರಹಣದ ಕಾಗದದ ಮೇಲೆ ಬೀಳಿಸಿ ಇಡೀ ದಿನದ ಗೆರೆಯನ್ನು ಹಿಡಿದರು. ಅದಕ್ಕೆ ದೀಪ ಬೇಕು, ಕತ್ತಲೆ ಕೋಣೆ ಬೇಕು, ರಾಸಾಯನಿಕ ಬೇಕು. ದೊಡ್ಡ ವೀಕ್ಷಣಾಲಯಗಳ ಹೊರಗೆ ಅದು ಕಾಲಿಡುವುದು ಕಷ್ಟವೇ ಇತ್ತು.

ಕಸುಬಿನ ನಿಜವಾದ ಸ್ವರೂಪ ನಿಂತದ್ದು 1880ರ ದಶಕದಲ್ಲಿ, ಪ್ಯಾರಿಸ್ಸಿನ ರಿಶಾರ್ ಸಹೋದರರ ಕಾರ್ಖಾನೆಯ ಥರ್ಮೋಗ್ರಾಫಿನಲ್ಲಿ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಚಪ್ಪಟೆಯಾಗಿ ಬಾಗಿದ ಲೋಹದ ನಳಿಕೆಯೊಳಗೆ ಆಲ್ಕೋಹಾಲು ತುಂಬಿ ಮುಚ್ಚಿದ್ದಾರೆ. ತಾಪ ಏರಿದಾಗ ದ್ರವ ಹಿಗ್ಗಿ ನಳಿಕೆ ಬಾಗು ಬಿಡಿಸಿಕೊಳ್ಳುತ್ತದೆ; ಸನ್ನೆಗಳು ಆ ಅಲುಗಾಟವನ್ನು ಹಿರಿದು ಮಾಡಿ ಉದ್ದನೆಯ ಲೇಖನಿ-ತೋಳಿಗೆ ದಾಟಿಸುತ್ತವೆ. ತೋಳಿನ ತುದಿಯ ಪುಟ್ಟ ಬಟ್ಟಲಿನಲ್ಲಿ ಬೇಗ ಒಣಗದಂತೆ ಗ್ಲಿಸರಿನ್ ಬೆರೆಸಿದ ಶಾಯಿ. ಎದುರಿಗೆ ಹಿತ್ತಾಳೆಯ ಡ್ರಮ್ಮು, ಅದರ ಹೊಟ್ಟೆಯಲ್ಲಿ ಕೀಲಿ ಕೊಡುವ ಗಡಿಯಾರ, ವಾರಕ್ಕೊಂದು ಸುತ್ತು. ಡ್ರಮ್ಮಿಗೆ ಸುತ್ತಿದ ಚಾರ್ಟಿನ ಮೇಲೆ ಡಿಗ್ರಿಯ ಗೆರೆಗಳು ಅಡ್ಡಕ್ಕೆ ನೇರವಾಗಿದ್ದರೆ, ಗಂಟೆಯ ಗೆರೆಗಳು ಮಾತ್ರ ಕಮಾನಿನಂತೆ ಬಾಗಿವೆ. ಲೇಖನಿಯ ತೋಳು ಒಂದು ಗೂಟದ ಸುತ್ತ ಆಡುವುದರಿಂದ ಅದು ಬರೆಯಬಲ್ಲದ್ದು ಕಮಾನನ್ನೇ. ಕಾಗದ ಅಚ್ಚುಹಾಕಿದವರು ಆ ಬಾಗನ್ನು ಮೊದಲೇ ಲೆಕ್ಕ ಹಾಕಿ ಗೆರೆ ಎಳೆದಿದ್ದಾರೆ. ಯಂತ್ರದ ವಕ್ರತೆ ಯಂತ್ರದೊಳಗೆ ಅಡಗಿ ಕೂರದೆ ಕಾಗದದ ಮೇಲೆ ಬಯಲಾಗಿ ಬಂದಿದೆ. ಚಾರ್ಟನ್ನು ಬಿಚ್ಚಿ ಮೇಜಿನ ಮೇಲೆ ಹಾಸಿದ ಮೇಲೆ ಥರ್ಮೋಗ್ರಾಫಿನ ಹಂಗೇ ಇಲ್ಲ. ಐವತ್ತು ವರ್ಷ ಬಿಟ್ಟು ತೆಗೆದರೂ, ಯಂತ್ರ ಗುಜರಿಗೆ ಹೋಗಿದ್ದರೂ, ಮಂಗಳವಾರ ನಸುಕಿನಲ್ಲಿ ಎಷ್ಟು ಚಳಿ ಇತ್ತೆಂದು ಓದಬಹುದು.

ಹಾಗೆಂದು ಕಸುಬುದಾರರು ಶಾಯಿಯ ಗೆರೆಯನ್ನು ಕಣ್ಣುಮುಚ್ಚಿ ನಂಬಿದವರಲ್ಲ. ಇಲ್ಲಿರುವುದು ಈ ಚರಿತ್ರೆಯ ಬಹು ಮುಖ್ಯ ಸಂಗತಿ ಎಂದು ನಾನು ತಿಳಿಯುತ್ತೇನೆ. 1875ರಲ್ಲಿ ಶುರುವಾದ ಭಾರತೀಯ ಹವಾಮಾನ ಇಲಾಖೆ ಸೇರಿ ಬಹಳ ಕಡೆಯ ವೀಕ್ಷಣಾಲಯಗಳಲ್ಲಿ ಬಿಳಿ ಬಣ್ಣದ ಸ್ಟೀವನ್‌ಸನ್ ಪೆಟ್ಟಿಗೆಯೊಳಗೆ ಸ್ವಯಂಲೇಖಿ ಉಪಕರಣಕ್ಕೆ ಪಾದರಸದ ಥರ್ಮಾಮೀಟರಿನ ಕಾವಲು ಇತ್ತು. ವೀಕ್ಷಕ ಗೊತ್ತಾದ ಹೊತ್ತಿಗೆ, ನಮ್ಮಲ್ಲಿ ಬೆಳಿಗ್ಗೆ 8:30ಕ್ಕೆ, ಪಾದರಸದ ಮಟ್ಟ ಓದಿ ಪುಸ್ತಕಕ್ಕೆ ಬರೆಯುತ್ತಾನೆ. ಜೊತೆಗೆ ಥರ್ಮೋಗ್ರಾಫಿನ ಲೇಖನಿಯನ್ನು ಬೆರಳಿನಿಂದ ತುಸು ಅಲುಗಿಸಿ ಗೆರೆಯ ಮೇಲೆ ಸಣ್ಣ ಅಡ್ಡಗುರುತು ಮಾಡುತ್ತಾನೆ. ಆ ಒಂದು ಗುರುತಿನಿಂದ ಎರಡು ಕೆಲಸ. ಡ್ರಮ್ಮಿನ ಗಡಿಯಾರ ಎಷ್ಟು ಹಿಂದೆ ಮುಂದೆ ಓಡುತ್ತಿದೆ ಎಂದು ಗೊತ್ತಾಗುತ್ತದೆ. ಆ ಕ್ಷಣದಲ್ಲಿ ಲೇಖನಿ ತೋರುವ ಡಿಗ್ರಿಗೂ ಪಾದರಸದ ಡಿಗ್ರಿಗೂ ಇರುವ ಅಂತರವೂ ಸಿಗುತ್ತದೆ. ತಿದ್ದುಪಡಿಯನ್ನು ಯಂತ್ರ ತಾನೇ ಗುಟ್ಟಾಗಿ ಮಾಡಿಕೊಳ್ಳುತ್ತಿರಲಿಲ್ಲ. ಮೂಲ ಗೆರೆ ಒಂದು ಕಡೆ, ತಿದ್ದುವ ಅಂಕಿ ಇನ್ನೊಂದು ಕಡೆ, ಎರಡೂ ಕಡತದಲ್ಲಿ. ಲೆಕ್ಕ ತಪ್ಪಿದ್ದರೆ ಮೂರನೆಯವರು ಹಿಡಿಯಬಹುದಿತ್ತು.

ಈ ರೂಢಿ ಕಾರ್ಖಾನೆಗೂ ಹರಿಯಿತು. ವಿಲಿಯಂ ಬ್ರಿಸ್ಟಲ್ 1889ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಕಟ್ಟಿದ ಕಂಪನಿ ದುಂಡನೆಯ ಚಾರ್ಟಿನ ರೆಕಾರ್ಡರುಗಳನ್ನು ಬಾಯ್ಲರು ಮನೆಗಳಿಗೆ, ಕಾರ್ಖಾನೆಗಳಿಗೆ ಮುಟ್ಟಿಸಿತು. ಮುಂದೆ ಶೀತಲ ಕಂಟೇನರುಗಳ ಮೈಮೇಲೆ 31 ದಿನಕ್ಕೊಂದು ಸುತ್ತು ಹಾಕುವ ಪಾರ್ಟ್‌ಲೋ ಚಾರ್ಟುಗಳು ಬಂದವು. ಸರಕು ಕಳಿಸಿದವರು, ಹಡಗಿನವರು, ಕೊಂಡವರು, ವಿಮೆಯವರು ಒಂದೇ ಕಾಗದದ ಸುತ್ತ ಕೂತು ಜಗಳವಾಡಬಹುದಿತ್ತು. ಇದೆಲ್ಲಕ್ಕಿಂತ ಗಟ್ಟಿಯಾದ ಪುರಾವೆ ಇರುವುದು ಡಬ್ಬಿ ಆಹಾರದ ಕಾನೂನಿನಲ್ಲಿ. ಹುಳಿಯಿಲ್ಲದ ಪದಾರ್ಥವನ್ನು ಡಬ್ಬಿಯಲ್ಲಿ ಮುಚ್ಚುವಾಗ ಸುಮಾರು 121 ಡಿಗ್ರಿಯಲ್ಲಿ ಸಾಕಷ್ಟು ಹೊತ್ತು ಬೇಯಿಸದಿದ್ದರೆ ಬಾಟುಲಿಸಂ ವಿಷ ಹುಟ್ಟಬಹುದು. 1970ರ ದಶಕದಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ರೂಪಿಸಿದ ನಿಯಮ ಪ್ರತಿ ಬೇಯಿಸುವ ಕಡಾಯಿಗೂ ಪಾದರಸದ ಥರ್ಮಾಮೀಟರೂ ಬೇಕು, ಚಾರ್ಟು ಬರೆಯುವ ರೆಕಾರ್ಡರೂ ಬೇಕು ಎಂದಿತು. ಪ್ರಮಾಣ ಪಾದರಸವೇ. ಚಾರ್ಟಿನ ಅಂಕಿ ಪಾದರಸಕ್ಕೆ ಆದಷ್ಟು ಹತ್ತಿರವಿರಬೇಕು, ಅದನ್ನು ಮೀರಿ ಮಾತ್ರ ಎಂದೂ ತೋರಕೂಡದು. ಯಾರೋ ರೆಕಾರ್ಡರಿನ ತಿರುಪನ್ನು ಮನಬಂದಂತೆ ತಿರುಗಿಸದ ಹಾಗೆ ಬೀಗವಿರಬೇಕು, ಇಲ್ಲವೇ ಎಚ್ಚರಿಕೆಯ ಫಲಕ ತೂಗಿರಬೇಕು. 2011ರ ತಿದ್ದುಪಡಿ ಪಾದರಸದ ಜಾಗಕ್ಕೆ ಬೇರೆ ಮಾಪಕಗಳಿಗೂ ಅವಕಾಶ ಕೊಟ್ಟಿತು, ಎರಡು ಸಾಕ್ಷಿಗಳ ಏರ್ಪಾಡು ಹಾಗೇ ಉಳಿಯಿತು. ಬೀಗ ಎಲ್ಲಿದೆ ನೋಡಿ: ತಿದ್ದುವ ತಿರುಪಿಗೆ. ಚಾರ್ಟು ಓದುವುದಕ್ಕೆ ಬೀಗ ಹಾಕಿದವರಿಲ್ಲ.

ಇನ್ನು ಲಾಗರಿನ ಒಳಗೆ ಹೋಗೋಣ. ಸಾಧಾರಣ ಯುಎಸ್‌ಬಿ ಲಾಗರೊಂದರ ಪ್ಲಾಸ್ಟಿಕ್ ಕವಚ ಬಿಚ್ಚಿದರೆ ಕಾಣುವ ಸಾಮಾನು ಕಡಿಮೆ: 3.6 ವೋಲ್ಟಿನ ಲಿಥಿಯಂ ಬ್ಯಾಟರಿ, ಒಂದು ಮೈಕ್ರೊಕಂಟ್ರೋಲರ್, ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳು, ಅಂಕಿ ಉಳಿಸಿಕೊಳ್ಳುವ ಮೆಮೊರಿ ಚಿಪ್ಪು, ಮತ್ತು ತುದಿಯಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಥರ್ಮಿಸ್ಟರ್. ಬಿಸಿಯಾದಷ್ಟೂ ವಿದ್ಯುತ್ತಿಗೆ ಒಡ್ಡುವ ತಡೆ ಕಡಿಮೆಯಾಗುವ ಗುಣವನ್ನು ಮೈಕೆಲ್ ಫ್ಯಾರಡೆ ಬೆಳ್ಳಿಯ ಸಲ್ಫೈಡಿನಲ್ಲಿ ಕಂಡದ್ದು 1833ರಲ್ಲಿ. ಥರ್ಮಿಸ್ಟರ್ ಮಾರುಕಟ್ಟೆಗೆ ಬರಲು ಅಲ್ಲಿಂದ ನೂರು ವರ್ಷ ಹಿಡಿಯಿತು. ಬಹಳ ಕಡೆ ಕಾಣುವ ಥರ್ಮಿಸ್ಟರಿನ ತಡೆ 25 ಡಿಗ್ರಿಯಲ್ಲಿ 10 ಸಾವಿರ ಓಮ್, ಸೊನ್ನೆ ಡಿಗ್ರಿಯಲ್ಲಿ ಸುಮಾರು 30 ಸಾವಿರ. ಅದರ ಜೊತೆ ಒಂದು ಸ್ಥಿರ ತಡೆಯನ್ನು ಸಾಲಾಗಿ ಕೂರಿಸಿ, ನಡುವಿನ ವೋಲ್ಟೇಜು ಒಟ್ಟು ವೋಲ್ಟೇಜಿನ ಎಷ್ಟು ಪಾಲು ಎಂದು ಮೈಕ್ರೊಕಂಟ್ರೋಲರ್ ನೋಡುತ್ತದೆ. ಪಾಲನ್ನೇ ನೋಡುವುದರಿಂದ ಬ್ಯಾಟರಿ ಸೊರಗಿದರೂ ಅಳತೆ ಕೆಡುವುದಿಲ್ಲ. ಇದು ಚೊಕ್ಕ ಉಪಾಯ. ಪಾಲಿನಿಂದ ಡಿಗ್ರಿಗೆ ದಾಟಲು ಮಾತ್ರ ಒಂದು ಸಮೀಕರಣ ಬೇಕು, ಅದರ ಗುಣಾಂಕಗಳು ಬೇಕು. ಸ್ಟೈನ್‌ಹಾರ್ಟ್ ಮತ್ತು ಹಾರ್ಟ್ ಎಂಬ ಸಾಗರ ಸಂಶೋಧಕರು 1968ರಲ್ಲಿ ಕೊಟ್ಟ ಸಮೀಕರಣ ಎಲ್ಲರಿಗೂ ಗೊತ್ತು, ಆದರೆ ಈ ಲಾಗರಿನಲ್ಲಿ ಯಾವ ಗುಣಾಂಕ ಹಾಕಿದ್ದಾರೆ ಎಂಬುದು ಫರ್ಮ್‌ವೇರಿನೊಳಗಿದೆ. ರಿಶಾರ್ ಚಾರ್ಟಿನ ಕಮಾನು ಗೆರೆಗಳ ಜಾಗದಲ್ಲಿ ಈಗ ಈ ಗುಣಾಂಕಗಳು ನಿಂತಿವೆ. ಆದರೆ ಅವು ಕಾಗದದ ಮೇಲೆ ಅಚ್ಚಾಗಿಲ್ಲ.

ಗಡಿಯಾರದ ಕತೆಯೂ ಇಷ್ಟೆ. ಬಹುತೇಕ ಲಾಗರುಗಳು ಪ್ರತಿ ಅಂಕಿಯ ಪಕ್ಕದಲ್ಲಿ ಹೊತ್ತನ್ನು ಬರೆದುಕೊಳ್ಳುವುದಿಲ್ಲ, ಮೆಮೊರಿ ದುಬಾರಿಯಾಗಿದ್ದ ಕಾಲದ ಮಿತವ್ಯಯ ಅದು. ಶುರುವಾದ ಹೊತ್ತು ಒಂದು, ಎಷ್ಟು ಹೊತ್ತಿಗೊಮ್ಮೆ ಎಂಬ ಅಂತರ ಒಂದು, ಇವೆರಡನ್ನು ಉಳಿಸಿಕೊಂಡರೆ ಸಾಕು. ಉಳಿದದ್ದನ್ನು ಕಂಪ್ಯೂಟರಿನ ತಂತ್ರಾಂಶ ಕೂಡಿ ತೋರಿಸುತ್ತದೆ. ಲಾಗರಿಗೆ ಚಾಲನೆ ಕೊಟ್ಟ ಕಂಪ್ಯೂಟರಿನ ಗಡಿಯಾರ ತಪ್ಪಿದ್ದರೆ ಇಡೀ ಸರಣಿ ಅಷ್ಟೂ ಜಾರಿ ಕೂರುತ್ತದೆ, ನೋಡಿದವರಿಗೆ ಸುಳಿವೇ ಸಿಗದು. ಇನ್ನೊಂದು ಸೂಕ್ಷ್ಮವಿದೆ. ಈ ಜಾತಿಯ ಹರಳು 25 ಡಿಗ್ರಿಯ ಆಸುಪಾಸಿನಲ್ಲಿ ಸರಿಯಾಗಿ ಓಡುತ್ತದೆ, ಅಲ್ಲಿಂದ ಬಿಸಿಗೆ ಹೋದರೂ ತಂಪಿಗೆ ಹೋದರೂ ನಿಧಾನವಾಗುತ್ತದೆ, ದೂರದ ವರ್ಗಕ್ಕೆ ತಕ್ಕ ಹಾಗೆ. ಹರಳಿನ ಸಾಮಾನ್ಯ ಲೆಕ್ಕದ ಪ್ರಕಾರ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿಟ್ಟ ಲಾಗರ್ ದಿನಕ್ಕೆ ಸುಮಾರು ಆರು ಸೆಕೆಂಡು, ತಿಂಗಳಿಗೆ ಮೂರು ನಿಮಿಷ ಹಿಂದೆ ಬೀಳುತ್ತದೆ. ಅಳೆಯಬೇಕಾದ ತಾಪವೇ ಅಳೆಯುವ ಗಡಿಯಾರವನ್ನು ಕೆಡಿಸುತ್ತಿದೆ. ಮೂರು ನಿಮಿಷ ಹೆಚ್ಚಿನ ಕೆಲಸಕ್ಕೆ ಲೆಕ್ಕಕ್ಕಿಲ್ಲ, ನಿಜ. ಆದರೆ ಡ್ರಮ್ಮಿನ ಕಾಲದ ವೀಕ್ಷಕನಿಗೆ ಅದನ್ನು ಹಿಡಿಯಲು ಬೆರಳಿನ ಗುರುತು ಇತ್ತು. ಲಾಗರಿನಲ್ಲಿ ಅದನ್ನು ಹಿಡಿಯಬೇಕಾದರೆ ಮೆಮೊರಿಯ ಏರ್ಪಾಡು ತಿಳಿದಿರಲೇಬೇಕು.

ಮುಚ್ಚಿಡುವುದು ಎಲೆಕ್ಟ್ರಾನಿಕ್ಸಿನ ಹಣೆಬರಹವೇನಲ್ಲ. 1990ರ ದಶಕದ ಕೊನೆಗೆ ಟೆಕ್ಸಸ್ಸಿನ ಡಲ್ಲಾಸ್ ಸೆಮಿಕಂಡಕ್ಟರ್ ಹೊರತಂದ ಡಿಎಸ್1921 ಥರ್ಮೋಕ್ರಾನ್ ಇದಕ್ಕೆ ಸಾಕ್ಷಿ. ಉಕ್ಕಿನ ಪುಟ್ಟ ಬಿಲ್ಲೆಯೊಳಗೆ ಸಂವೇದಕ, ಗಡಿಯಾರ, ಬ್ಯಾಟರಿ, 2,048 ಅಂಕಿಗಳ ಜಾಗ. ಒಂದು ಅಂಕಿಗೆ ಒಂದೇ ಬೈಟು. ಬೈಟಿನ ಬೆಲೆಯನ್ನು ಅರ್ಧ ಮಾಡಿ 40 ಕಳೆದರೆ ಡಿಗ್ರಿ ಸೆಲ್ಸಿಯಸ್. ಬೈಟಿನಲ್ಲಿ 130 ಇದ್ದರೆ 25 ಡಿಗ್ರಿ, ಅಷ್ಟೆ. ಒಂದು ನಿಮಿಷದಿಂದ 255 ನಿಮಿಷದವರೆಗೆ ಅಂತರ ಇಟ್ಟುಕೊಳ್ಳಬಹುದು; ಹತ್ತು ನಿಮಿಷಕ್ಕೊಮ್ಮೆ ಬರೆದರೆ ಎರಡು ವಾರ ತುಂಬುತ್ತದೆ, 255ಕ್ಕೊಮ್ಮೆ ಬರೆದರೆ ಹೆಚ್ಚುಕಡಿಮೆ ವರ್ಷ. ಜಾಗ ತುಂಬಿದ ಮೇಲೆ ನಿಲ್ಲಬೇಕೋ, ಹಳೆಯದರ ಮೇಲೆ ಬರೆಯುತ್ತಾ ಹೋಗಬೇಕೋ ಎಂಬುದನ್ನು ಬಳಸುವವರೇ ಆರಿಸಬಹುದು. ಮೇಲೆ ಬರೆಯುವ ಕ್ರಮದಲ್ಲಿ ಮೆಮೊರಿಯ ಮೊದಲ ಬೈಟು ಅತಿ ಹಳೆಯ ಅಂಕಿ ಆಗಿರಬೇಕಿಲ್ಲ; ಒಟ್ಟು ಎಷ್ಟು ಬಾರಿ ಬರೆಯಿತೆಂಬ ಲೆಕ್ಕವನ್ನು ಬೇರೆ ಕಡೆಯಿಂದ ಓದಿ, 2,048ರಿಂದ ಭಾಗಿಸಿ ಉಳಿದ ಶೇಷದಿಂದ ಎಲ್ಲಿ ಶುರುವೆಂದು ಕಂಡುಕೊಳ್ಳಬೇಕು. ಇದು ತಿಳಿಯದವರು ನಿನ್ನೆಯ ಪಕ್ಕದಲ್ಲಿ ಕಳೆದ ತಿಂಗಳನ್ನು ಅಂಟಿಸಿ ನಕ್ಷೆ ಬಿಡಿಸಿಯಾರು. ಆದರೆ ಕಂಪನಿ ಇದನ್ನೆಲ್ಲ, ಪ್ರತಿ ವಿಳಾಸವನ್ನೂ, ಪ್ರತಿ ಆದೇಶವನ್ನೂ ದತ್ತಾಂಶ ಪತ್ರದಲ್ಲಿ ಅಚ್ಚುಹಾಕಿ ಯಾರು ಕೇಳಿದರೂ ಕೊಟ್ಟಿತು. ಬಿಲ್ಲೆಯನ್ನು ಕಂಪ್ಯೂಟರಿಗೆ ಮುಟ್ಟಿಸಲು ಯುಎಸ್‌ಬಿ ಕೊಂಡಿಯೂ ಬಂತು. ರಿಶಾರ್ ಡ್ರಮ್ಮಿನ ನೇರ ವಾರಸುದಾರ ಯಾವುದೆಂದರೆ ನಾನು ಇದನ್ನೇ ತೋರಿಸುತ್ತೇನೆ.

ಯುಎಸ್‌ಬಿ ಸ್ವತಃ ತೆರೆದ ಮಾನದಂಡ. 1996ರಲ್ಲಿ ಮೊದಲ ಆವೃತ್ತಿ ಬಂತು. ಅದನ್ನು ರೂಪಿಸಿದವರಲ್ಲಿ ಇಂಟೆಲ್ಲಿನ ಅಜಯ್ ಭಟ್ ಪ್ರಮುಖರು. ಯಾವುದೇ ಸಾಧನ ಚುಚ್ಚಿದ ಕೂಡಲೇ ಕಂಪ್ಯೂಟರ್ ನೀನು ಯಾರೆಂದು ಕೇಳುತ್ತದೆ, ಸಾಧನ 18 ಬೈಟುಗಳ ಗುರುತುಪತ್ರ ಒಪ್ಪಿಸುತ್ತದೆ. ತಯಾರಕರ ಸಂಖ್ಯೆ, ಸಾಮಾನಿನ ಸಂಖ್ಯೆ ಎಲ್ಲ ಅದರಲ್ಲಿರುತ್ತವೆ. ಇಲ್ಲಿಯವರೆಗಿನ ಮಾತು ಪುಸ್ತಕದಲ್ಲಿರುವಂಥದು. ಮುಂದಿನ ಮಾತು ಗುಟ್ಟು. ಬೇರೆ ಡ್ರೈವರ್ ಹಾಕುವ ತೊಂದರೆ ಬೇಡವೆಂದು ಅಗ್ಗದ ಸಾಧನಗಳು ಕೀಲಿಮಣೆ, ಮೌಸುಗಳ ವರ್ಗದ ವೇಷ ಹಾಕಿ ಬರುತ್ತವೆ. ಚೀನಾದಲ್ಲಿ ತಯಾರಾಗಿ ಲೋಕವೆಲ್ಲ ಹರಡಿದ ಟೆಂಪರ್ ಎಂಬ ತಾಪಕಡ್ಡಿಯನ್ನು ತೆಗೆದುಕೊಳ್ಳಿ. ಅದರ ಒಂದು ಮಾದರಿ 0ಸಿ45:7401 ಎಂಬ ಗುರುತಿನಿಂದ ಪರಿಚಯ ಹೇಳಿಕೊಂಡು ಎರಡು ಮುಖ ತೋರಿಸುತ್ತದೆ. ಒಂದು ಮುಖ ನಿಜಕ್ಕೂ ಕೀಲಿಮಣೆಯದೇ. ತೆರೆದ ಕಡತದೊಳಗೆ ತನ್ನ ತಾಪವನ್ನು ತಾನೇ ಟೈಪು ಮಾಡಬಲ್ಲ ಪುಣ್ಯಾತ್ಮ ಸಾಧನ ಇದು. ಇನ್ನೊಂದು ಮುಖಕ್ಕೆ 01 80 33 01 00 00 00 00 ಎಂಬ ಎಂಟು ಬೈಟು ಕಳಿಸಿದರೆ ಎಂಟು ಬೈಟಿನ ಉತ್ತರ ಬರುತ್ತದೆ. ಉತ್ತರದ ಮೂರನೆಯ ಬೈಟು ಪೂರ್ಣ ಡಿಗ್ರಿ, ನಾಲ್ಕನೆಯದು 256ರಲ್ಲಿ ಎಷ್ಟು ಪಾಲೆಂಬ ಭಿನ್ನ. ಹದಿನಾರರ ಲೆಕ್ಕದಲ್ಲಿ 19 ಮತ್ತು 80 ಬಂದರೆ 25 ಮತ್ತು ಅರ್ಧ, ಅಂದರೆ 25.5 ಡಿಗ್ರಿ. ಸೊನ್ನೆಗಿಂತ ಕೆಳಗೆ ಹೋದಾಗ ಮೂರನೆಯ ಬೈಟಿನ ಮೊದಲ ಬಿಟ್ಟು ಋಣ ಚಿಹ್ನೆಯಾಗುತ್ತದೆ. ಅದನ್ನು ಲೆಕ್ಕಿಸದೆ ಬರೆದ ಪ್ರೋಗ್ರಾಮು ಮೈನಸ್ ಒಂದು ಡಿಗ್ರಿಯನ್ನು 255 ಎಂದು ಓದುತ್ತದೆ. ಈ ವಿವರ ಹೊರಗೆ ಬಂದದ್ದು ಹವ್ಯಾಸಿಗಳಿಂದ. ಲಿನಕ್ಸಿನ ಯುಎಸ್‌ಬಿಮಾನ್ ಸೌಲಭ್ಯ, ವೈರ್‌ಶಾರ್ಕ್ ಇಂಥವನ್ನು ಹಿಡಿದು ತಂತಿಯ ಮೇಲಿನ ಸಂವಾದವನ್ನು ಕದ್ದು ಕೇಳುವುದು, ಥರ್ಮಿಸ್ಟರನ್ನೋ ಸಂವೇದಕವನ್ನೋ ಬೆರಳಲ್ಲಿ ಹಿಡಿದು ಬಿಸಿ ಮಾಡಿ ಯಾವ ಬೈಟು ಏರುತ್ತದೆಂದು ನೋಡುವುದು, ಇದೇ ವಿಧಾನ. ಸಿಗ್ರಾಕ್‌ನಂಥ ಮುಕ್ತ ಯೋಜನೆಗಳು ಬ್ರಿಟನ್ನಿನ ಲಾಸ್ಕರ್ ಕಂಪನಿಯ ಯುಎಸ್‌ಬಿ ಲಾಗರುಗಳನ್ನೂ ಹೀಗೆ ಓದಲು ಕಲಿತವು. ಕೆಲವೊಮ್ಮೆ ತಂತಿ ಕೇಳುವ ಮೊದಲೇ ಅರ್ಧ ಗುಟ್ಟು ಜಾಹೀರಾತಿನಲ್ಲೇ ಸಿಗುತ್ತದೆ: ಮೈನಸ್ 35ರಿಂದ 80 ಡಿಗ್ರಿಯವರೆಗೆ, ಅರ್ಧ ಡಿಗ್ರಿಯ ಹೆಜ್ಜೆಯಲ್ಲಿ, 16 ಸಾವಿರಕ್ಕೂ ಮೀರಿ ಅಂಕಿ ಎಂದರೆ 230 ಹೆಜ್ಜೆಗಳು, ಒಂದು ಬೈಟಿನ 256ರೊಳಗೆ ಲೀಲಾಜಾಲವಾಗಿ ಕೂರುತ್ತವೆ, ಮೆಮೊರಿ 16 ಕಿಲೋಬೈಟು ಇರಬೇಕು.

ಇದಕ್ಕೆ ಎದುರಾಗುವ ದೊಡ್ಡ ಆಕ್ಷೇಪ ಮೋಸದ್ದು. ಪ್ರೊಟೊಕಾಲು, ಅಂದರೆ ಈ ಸಂವಾದದ ಕ್ರಮ, ಬಯಲಾದರೆ ಕೆಟ್ಟ ಸರಕಿನ ಲಾರಿಯವನು ಅಂಕಿ ತಿದ್ದಿ ಒಳ್ಳೆಯ ದಾಖಲೆ ತೋರಿಸುವುದಿಲ್ಲವೇ ಎನ್ನುತ್ತಾರೆ. ಭಯ ಸುಳ್ಳಲ್ಲ, ಮದ್ದು ಸುಳ್ಳು. ಮತ್ತೆ ಡಿಎಸ್1921ಕ್ಕೆ ಬನ್ನಿ: ಅದರ ಪ್ರತಿ ಆದೇಶವೂ ಎಲ್ಲರಿಗೂ ಗೊತ್ತು, ಆದರೂ ತಾಪದ ಅಂಕಿಗಳಿರುವ ಮೆಮೊರಿಗೆ ಹೊರಗಿನಿಂದ ಬರೆಯುವ ಆದೇಶವೇ ಅಲ್ಲಿ ಇಲ್ಲ. ಓದಬಹುದು, ಒಟ್ಟಿಗೆ ಅಳಿಸಬಹುದು, ಒಂದು ಅಂಕಿಯನ್ನು ತಿದ್ದಲು ಬಾರದು. ಪ್ರತಿ ಬಿಲ್ಲೆಗೂ ಲೇಸರಿನಲ್ಲಿ ಕೊರೆದ ಬೇರೆ ಬೇರೆ 64 ಬಿಟ್ಟಿನ ಗುರುತಿದೆ. ಡಬ್ಬಿ ಕಾರ್ಖಾನೆಯ ನಿಯಮ ಬೀಗವನ್ನು ತಿರುಪಿಗೆ ಹಾಕಿದ್ದಂತೆ ಇಲ್ಲಿಯೂ ಬೀಗ ಬರವಣಿಗೆಗೆ. ಇದಕ್ಕಿಂತ ಬಿಗಿ ಬೇಕಾದರೆ ಗೂಢಲಿಪಿಯ ಸಹಿ ಹಾಕುವ ಚಿಪ್ಪುಗಳಿವೆ. ಸಹಿಯ ವಿಧಾನ ಲೋಕಕ್ಕೆಲ್ಲ ಗೊತ್ತಿದ್ದೂ ಸಹಿ ನಕಲಾಗದು. ಬರೇ ಮೌನದ ಮೇಲೆ ನಿಂತ ಭದ್ರತೆಯಾದರೋ ಒಬ್ಬ ಕುತೂಹಲಿ ಒಂದು ಸಂಜೆ ತಂತಿ ಕೇಳಿದರೆ ಮುಗಿಯಿತು. ಹಾಗೆ ಮುಗಿದದ್ದನ್ನು ಮೋಸಗಾರ ಬಳಸಿಕೊಂಡಾನು, ಪ್ರಾಮಾಣಿಕ ಗಿರಾಕಿಗೆ ಮಾತ್ರ ತನ್ನ ದಾಖಲೆ ಇನ್ನೂ ಮುಚ್ಚಿಯೇ ಇರುತ್ತದೆ. ಕಾನೂನು ಕೂಡ ಗುಟ್ಟಿನ ಪರ ನಿಂತಿಲ್ಲ. ಅಮೆರಿಕದಲ್ಲಿ ಎಲೆಕ್ಟ್ರಾನಿಕ್ ದಾಖಲೆಗಳ 1997ರ ನಿಯಮ ಭದ್ರತೆ ಕೇಳುವ ಜೊತೆಗೇ, ಮನುಷ್ಯರು ಓದಬಲ್ಲ ರೂಪದಲ್ಲಿ ಪೂರ್ತಿ ನಕಲು ಕೊಡಬೇಕೆಂದೂ ಕೇಳುತ್ತದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿಗೆ 1999ರಲ್ಲಿ ಸೇರಿದ ಉಪಕಲಮುಗಳು, ನ್ಯಾಯವಾಗಿ ಕೈಗೆ ಬಂದ ಪ್ರೋಗ್ರಾಮು ಹೇಗೆ ಕೆಲಸ ಮಾಡುತ್ತದೆಂದು ಗಮನಿಸಿ ಪರೀಕ್ಷಿಸುವುದನ್ನು, ಇನ್ನೊಂದು ಪ್ರೋಗ್ರಾಮಿನೊಂದಿಗೆ ಹೊಂದಿಸಲು ಬೇಕಾದ ಮಾಹಿತಿ ಪಡೆಯುವುದನ್ನು ಉಲ್ಲಂಘನೆಯ ಪಟ್ಟಿಯಿಂದ ಹೊರಗಿಟ್ಟಿವೆ.

ಕಾಗದವೇನು ಸತ್ಯಹರಿಶ್ಚಂದ್ರನಾಗಿತ್ತೇ ಎಂಬ ಪ್ರಶ್ನೆಯನ್ನೂ ಎದುರಿಸಬೇಕು. ಇರಲಿಲ್ಲ. ಶಾಯಿ ಹೆಪ್ಪುಗಟ್ಟುತ್ತಿತ್ತು, ಲೇಖನಿ ಕಾಗದಕ್ಕೆ ಉಜ್ಜಿ ಗೆರೆ ಮೆಟ್ಟಿಲು ಮೆಟ್ಟಿಲಾಗುತ್ತಿತ್ತು, ಕೀಲಿ ಕೊಡಲು ಮರೆತರೆ ಒಂದೇ ಜಾಗದಲ್ಲಿ ಶಾಯಿಯ ಗುಡ್ಡೆ ಬೀಳುತ್ತಿತ್ತು. ಬೇಕೆಂದೇ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿದವರೂ ಇದ್ದಿರಬಹುದು. ಆದರೆ ಈ ಕೆಡುಕುಗಳಲ್ಲಿ ಹೆಚ್ಚಿನವು ಕಾಗದದ ಮೇಲೆ ತಮ್ಮ ಗುರುತು ಬಿಟ್ಟುಹೋಗುತ್ತಿದ್ದವು, ಪಳಗಿದ ಕಣ್ಣು ಮೆಟ್ಟಿಲಾದ ಗೆರೆ ನೋಡಿ ಲೇಖನಿಯ ಒತ್ತಡ ಹೆಚ್ಚಾಗಿದೆ ಎಂದು ಹೇಳುತ್ತಿತ್ತು. ತಂತ್ರಾಂಶ ಬಿಡಿಸಿದ ನುಣುಪು ನಕ್ಷೆಯಲ್ಲಿ ಆ ಗುರುತುಗಳು ಒರೆಸಿಹೋಗಿರುತ್ತವೆ. ಕಚ್ಚಾ ಬೈಟುಗಳನ್ನು ನೋಡಿದವರಿಗೆ ಮಾತ್ರ ಸಂವೇದಕ ಕಳಚಿಹೋಗಿದ್ದಾಗ ಸಾಲಾಗಿ ಬಂದ ಒಂದೇ ಅಂಕಿ, ಮೆಮೊರಿ ತುಂಬದೆ ಉಳಿದ ಖಾಲಿ ಬೈಟು ಕಣ್ಣಿಗೆ ಬಿದ್ದಾವು.

ಬೈಟು ಓದಿದ ಮಾತ್ರಕ್ಕೆ ತಾಪ ತಿಳಿಯುವುದಿಲ್ಲ ಎಂಬ ಇನ್ನೊಂದು ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೇಲೆ ಹೇಳಿದ ತಾಪಕಡ್ಡಿಯ ಸಂವೇದಕ ಕಂಪ್ಯೂಟರಿಗೆ ಅಂಟಿಕೊಂಡೇ ಇರುವುದರಿಂದ ಅದು ಕೋಣೆಯ ತಾಪದ ಜೊತೆ ಕಂಪ್ಯೂಟರಿನ ಬಿಸಿಯನ್ನೂ ಸೇರಿಸಿ ಹೇಳುತ್ತದೆ, 25.5 ಎಂಬ ಉತ್ತರವನ್ನು ಎಷ್ಟು ಸರಿಯಾಗಿ ಬಿಡಿಸಿದರೂ ಕೋಣೆ 23 ಇರಬಹುದು. ಪ್ರೊಟೊಕಾಲು ಸಾಕ್ಷಿಯ ಮಾತನ್ನು ತಲುಪಿಸುತ್ತದೆ, ಮಾತು ನಿಜವೆಂದು ಪ್ರಮಾಣ ಮಾಡುವುದಿಲ್ಲ. ಅದಕ್ಕೇ ಹಳಬರು ಪಕ್ಕದಲ್ಲಿ ಪಾದರಸ ಇಟ್ಟದ್ದು. ಪಕ್ಕದಲ್ಲೊಂದು ಮಾಪಕ ಇಡುವ ಈ ರೂಢಿಯನ್ನು ನಮ್ಮ ಲಸಿಕಾ ವ್ಯವಸ್ಥೆ ಇನ್ನೂ ಬಿಟ್ಟಿಲ್ಲ. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದ ಮೇಲೆ ಬೀದರಿನಿಂದ ಚಾಮರಾಜನಗರದ ತನಕ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಐಎಲ್‌ಆರ್ ಎಂಬ ಮಂಜಿನ ಗೋಡೆಯ ಫ್ರಿಜ್ಜು ಬಂತು, ಅದರೊಳಗೊಂದು ಥರ್ಮಾಮೀಟರು, ದಿನಕ್ಕೆರಡು ಬಾರಿ ಓದಿ ಬರೆಯಲು ಒಂದು ಪುಸ್ತಕ. ಲಸಿಕೆಗಳು ಇರಬೇಕಾದ್ದು 2ರಿಂದ 8 ಡಿಗ್ರಿಯೊಳಗೆ. 1996ರಿಂದ ಪೋಲಿಯೋ ಸೀಸೆಗಳ ಮೇಲೆ ಬಂದ ಬಣ್ಣ ತಿರುಗುವ ಚೌಕ ಬಿಸಿಯುಂಡದ್ದನ್ನು ಹೇಳುತ್ತದೆ, ಹೆಪ್ಪುಗಟ್ಟಿದ್ದನ್ನು ಹೇಳದು. ಹೆಪಟೈಟಿಸ್ ಬಿ ಮುಂತಾದ ಲಸಿಕೆಗಳು ಹೆಪ್ಪುಗಟ್ಟಿದರೆ ಕೆಡುತ್ತವೆ. ಆ ಕೊರತೆ ತುಂಬಲು ಬಂದ ಮೂವತ್ತು ದಿನದ ರೆಕಾರ್ಡರುಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಅಲಾರಮ್ಮಿನ ನಿಯಮ ಗೊತ್ತು ಮಾಡಿ ಪ್ರಕಟಿಸಿದೆ: 8 ಡಿಗ್ರಿ ಮೀರಿ ಸತತ ಹತ್ತು ಗಂಟೆ, ಇಲ್ಲವೇ ಮೈನಸ್ ಅರ್ಧ ಡಿಗ್ರಿಗಿಂತ ಕೆಳಗೆ ಒಂದು ಗಂಟೆ. ಇವುಗಳಲ್ಲಿ ಕೆಲವು ಕಂಪ್ಯೂಟರಿಗೆ ಚುಚ್ಚಿದರೆ ಡಿಸ್ಕಿನಂತೆ ತೆರೆದುಕೊಂಡು ಪಿಡಿಎಫ್ ವರದಿ ಕೊಡುತ್ತವೆ. ಗುಟ್ಟಿನ ಸಮಸ್ಯೆ ಇಲ್ಲಿಗೆ ಬಗೆಹರಿಯಿತಲ್ಲ ಎನ್ನುವವರಿಗೆ ಅರ್ಧ ಹೌದು ಎನ್ನಬೇಕು. ಪಿಡಿಎಫ್ ಚಾರ್ಟು ಕಾಗದದ ಮರುಹುಟ್ಟೇ ಸರಿ, ಯಾರೂ ಓದಬಹುದು. ಆದರೆ ಅದು ಫರ್ಮ್‌ವೇರು ಆರಿಸಿ ಕೊಟ್ಟ ಸಾರಾಂಶ. ತಿದ್ದುಪಡಿಯ ಅಂಕಿ ಎಷ್ಟು, ಮೂಲ ಅಂಕಿ ಎಷ್ಟು ಎಂಬ ಎರಡು ಅಂಕಣ ಅದರಲ್ಲಿ ಸಿಗುವುದು ಅಪರೂಪ. 2015ರಲ್ಲಿ ಶುರುವಾದ ಇ-ವಿನ್ ಜಾಲದಲ್ಲಿ ಫ್ರಿಜ್ಜಿನ ಅಂಕಿಗಳು ಸಿಮ್ಮಿನ ಮೂಲಕ ನೇರ ಸರ್ವರಿಗೆ ಹೋಗುತ್ತವೆ. ಕೆಟ್ಟ ಸುದ್ದಿ ಬೇಗ ಮುಟ್ಟುವುದರಿಂದ ಅದು ಉಪಕಾರವೇ, ಆದರೆ ಓದುವ ಪ್ರಶ್ನೆ ತಂತಿಯಿಂದ ಎದ್ದು ಸರ್ವರಿನ ಬಾಗಿಲಿಗೆ ಹೋಗಿ ಕೂತಿದೆ.

ಕಂಪನಿಗಳು ಗುಟ್ಟು ಕಾಯುವುದರ ಹಿಂದೆ ಮೋಸದ ಭಯಕ್ಕಿಂತ ವ್ಯಾಪಾರದ ಲೆಕ್ಕ ಹೆಚ್ಚೆಂದು ನನ್ನ ಅನುಮಾನ. ವ್ಯಾಪಾರ ಕಾಗದದ ಕಾಲದಲ್ಲೂ ಇತ್ತು. ಒಂದೊಂದು ಮಾದರಿಗೆ ಒಂದೊಂದು ಚಾರ್ಟು, ಅದಕ್ಕೆ ತಕ್ಕ ಲೇಖನಿ, ಶಾಯಿ. ಯಂತ್ರ ಒಮ್ಮೆ ಕೊಂಡವರು ವರ್ಷಗಟ್ಟಲೆ ಕಾಗದಕ್ಕೆ ದುಡ್ಡು ಸುರಿಯಬೇಕಿತ್ತು. ಆದರೆ ಕಂಪನಿ ಮಾರಿದ್ದು ಖಾಲಿ ಕಾಗದವನ್ನು. ಅದರ ಮೇಲೆ ಬರೆದದ್ದು ಕೊಂಡವರದೇ. ಈಗ ಮಾರಾಟಕ್ಕಿರುವುದು ಓದುವ ಸೌಲಭ್ಯ: ತಂತ್ರಾಂಶದ ಪರವಾನಗಿ, ಅದಕ್ಕೆ ಹೊಂದುವ ವಿಂಡೋಸ್ ಆವೃತ್ತಿ, ಕೆಲವು ಮಾದರಿಗಳಿಗೆ ಪ್ರತ್ಯೇಕ ತೊಟ್ಟಿಲು. ಕಂಪನಿ ಆ ತಂತ್ರಾಂಶವನ್ನು ಕೈಬಿಟ್ಟ ದಿನ ಒಳ್ಳೆಯ ಸ್ಥಿತಿಯಲ್ಲಿರುವ ಲಾಗರೂ ಮೂಕವಾಗುತ್ತದೆ, ಅದರದೇ ಕಡತ ಮಾದರಿಯಲ್ಲಿ ಉಳಿಸಿದ ಹಳೆಯ ದಾಖಲೆಗಳೂ ಮೂಕವಾಗುತ್ತವೆ. ಸಾವಿರಗಟ್ಟಲೆ ಲಾಗರು ಕೊಳ್ಳುವ ಆರೋಗ್ಯ ಇಲಾಖೆಗಳು, ಹಾಲು ಒಕ್ಕೂಟಗಳು, ಶೀತಲಗೃಹಗಳು ಟೆಂಡರಿನಲ್ಲಿ ನಿಖರತೆ ಕೇಳುತ್ತವೆ, ಬ್ಯಾಟರಿ ಬಾಳಿಕೆ ಕೇಳುತ್ತವೆ, ಮಾಪನಾಂಕ ಪ್ರಮಾಣಪತ್ರ ಕೇಳುತ್ತವೆ. ಅದರ ಜೊತೆಗೆ ಮೆಮೊರಿಯ ಏರ್ಪಾಡು, ಬೈಟಿನಿಂದ ಡಿಗ್ರಿಗೆ ದಾಟುವ ಸೂತ್ರ, ಋಣ ಅಂಕಿಯ ಕ್ರಮ, ಶುರುವಿನ ಹೊತ್ತನ್ನು ಬರೆಯುವ ರೀತಿ, ತಿದ್ದುಪಡಿಯ ಗುಣಾಂಕ ಇಷ್ಟನ್ನೂ ಬರಹದಲ್ಲಿ ಒಪ್ಪಿಸಬೇಕೆಂದು ಒಂದು ಷರತ್ತು ಸೇರಿಸಿದರೆ ಬೆಲೆ ಏರುವ ಕಾರಣವಿಲ್ಲ. ಲಾಗರ್ ಮಾಡಿದವರ ಬಳಿ ಆ ಕಾಗದ ಹೇಗೂ ಇರುತ್ತದೆ. ಅದು ಸಿಗುವ ತನಕ ಆ ಪುಟಗಳನ್ನು ಬರೆಯುತ್ತಿರುವವರು ಸಂಬಳವಿಲ್ಲದ ಹವ್ಯಾಸಿಗಳು, ಒಂದೊಂದು ಮಾದರಿಗೆ ಒಂದೊಂದು ಸಲ, ಥರ್ಮಿಸ್ಟರನ್ನು ಬೆರಳಲ್ಲಿ ಹಿಡಿದು.